ನಗರದ ಬಾರ್‌ಗಳಲ್ಲಿ ಸ್ಟೌಟ್: ಟ್ಯಾಪಿನಷ್ಟೇ ಸ್ಪೀಕರೂ ಮುಖ್ಯ

ನಗರದ ಬಾರ್‌ಗಳನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಪಾನೀಯಕ್ಕೆ ಒಂದಿಷ್ಟು ಅಂಕ, ಸಂಗೀತಕ್ಕೆ ಇನ್ನೊಂದಿಷ್ಟು ಅಂಕ ಕೊಟ್ಟು, ಎರಡಕ್ಕೂ ಸಂಬಂಧವೇ ಇಲ್ಲವೆಂಬಂತೆ ಬೇರೆ ಬೇರೆ ಖಾನೆಗಳಲ್ಲಿ ಇಟ್ಟುಬಿಡುತ್ತಾರೆ. ಲಾಗರ್‌ ಬಿಯರಿನ ಮಟ್ಟಿಗೆ ಈ ಪದ್ಧತಿಯಿಂದ ಹೆಚ್ಚಿನ ನಷ್ಟವಿಲ್ಲ. ತಣ್ಣಗಿರುವುದನ್ನೇ ಮುಖ್ಯ ಗುಣವಾಗಿಸಿಕೊಂಡ ಪಾನೀಯಕ್ಕೆ ಸ್ಪೀಕರಿನಿಂದ ಏನು ಹೊರಬಂದರೂ ಅಷ್ಟಾಗಿ ಬಾಧಕವಾಗದು. ಕಡುಗಪ್ಪು ಬಣ್ಣದ ಬಿಯರ್ ಆದ ಸ್ಟೌಟ್‌ನ ಸ್ವಭಾವ ಬೇರೆ. ಹುರಿದ ಬಾರ್ಲಿಯ ಕಹಿ, ಅದರ ಹಿಂದೆ ನಿಧಾನವಾಗಿ ತಲೆಯೆತ್ತುವ ಸಿಹಿ, ಕೊನೆಗೆ ನಾಲಿಗೆಯ ಬದಿಗಳಲ್ಲಿ ಉಳಿಯುವ ಸಣ್ಣ ಹುಳಿ ಮತ್ತು ಒಗರು, ಇವೆಲ್ಲ ಒಂದಾದ ಮೇಲೊಂದು ಬರುವ ರುಚಿಗಳಾದ್ದರಿಂದ ಅವನ್ನು ಗುರುತಿಸಲು ಕುಡಿಯುವವನಿಗೆ ಸ್ವಲ್ಪ ಬಿಡುವು ಬೇಕಾಗುತ್ತದೆ, ಮತ್ತು ಆ ಬಿಡುವನ್ನು ಕೊಡುವುದೋ ಕಿತ್ತುಕೊಳ್ಳುವುದೋ ಬಾರಿನ ಸಂಗೀತದ ಕೈಯಲ್ಲಿದೆ. ಹಲವು ಬಾರ್‌ಗಳಲ್ಲಿ ಹಲವು ಬಗೆಯ ಸ್ಟೌಟ್‌ಗಳನ್ನು ಸವಿದು ನೋಡಿದ ಮೇಲೆ ನಾನು ತಳೆದ ನಿಲುವೆಂದರೆ, ಈ ಬಿಯರನ್ನು ಕೊಡುವ ಜಾಗದಲ್ಲಿ ಸದ್ದಿನ ಮಟ್ಟವನ್ನು ಬಿಯರಿನ ಉಷ್ಣತೆಯಷ್ಟೇ, ಕೊಳವೆಯ ಶುಚಿತ್ವದಷ್ಟೇ ಗಂಭೀರವಾಗಿ ಪರಿಗಣಿಸಬೇಕು ಎಂಬುದು.

ಮೊದಲು ಪದಾರ್ಥದ ಪರಿಚಯ. ಸ್ಟೌಟ್ 18ನೇ ಶತಮಾನದ ಲಂಡನ್ನಿನಲ್ಲಿ ಬಳಕೆಯಲ್ಲಿದ್ದ ಪೋರ್ಟರ್ ಎಂಬ ಕಂದು ಬಿಯರಿನ ಹೆಚ್ಚು ಗಟ್ಟಿಯಾದ ರೂಪವಾಗಿ ಬೆಳೆದು ಬಂದದ್ದು. ಇಂದಿನ ಕಡುಗಪ್ಪು ಬಣ್ಣ ಅದಕ್ಕೆ ಬಂದದ್ದು 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ತಿರುಗುವ ಉರುಳೆಯಲ್ಲಿ ಸುಟ್ಟುಹೋಗದಂತೆ ಕಪ್ಪಾಗುವವರೆಗೆ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ. ಅಂಥ ಮಾಲ್ಟ್ ಸ್ವಲ್ಪವೇ ಇದ್ದರೂ ಉಳಿದ ತಿಳಿ ಮಾಲ್ಟಿನ ರಾಶಿಗೆಲ್ಲ ಬಣ್ಣ ಕಟ್ಟುತ್ತದೆ. ಐರಿಷ್ ಬಗೆಯ ಡ್ರೈ ಸ್ಟೌಟ್‌ನಲ್ಲಿ ಮೊಳಕೆ ಬರಿಸದೆ ಹಾಗೆಯೇ ಹುರಿದ ಬಾರ್ಲಿಯನ್ನು ಬಳಸುವುದರಿಂದ ಕಾಫಿಯನ್ನು ನೆನಪಿಸುವ ಒಣ ಕಹಿ ಹುಟ್ಟುತ್ತದೆ. ಕಪ್ಪು ಎಂದು ನಾವೆಲ್ಲ ಕರೆದರೂ ಲೋಟವನ್ನು ದೀಪಕ್ಕೆ ಅಡ್ಡ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಕೆಂಪು ಕಾಣಿಸುತ್ತದೆ. ಈ ಬಣ್ಣವನ್ನು ಕಂಡು ಬಲು ಖಡಕ್ಕಾದ ಪಾನೀಯವೆಂದು ಹಿಂಜರಿಯುವವರು ಬಹಳ. ಆದರೆ ಎಲ್ಲೆಡೆ ಸಿಗುವ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೊಹಾಲ್ ಇರುವುದು ಶೇ 4.2ರ ಆಸುಪಾಸಿನಲ್ಲಿ, ಅಂದರೆ ಎಷ್ಟೋ ಲಾಗರ್‌ಗಳಿಗಿಂತ ಕಡಿಮೆ. ಆರ್ಥರ್ ಗಿನ್ನೆಸ್ 1759ರಲ್ಲಿ ಡಬ್ಲಿನ್ನಿನ ಸೇಂಟ್ ಜೇಮ್ಸ್ ಗೇಟ್‌ನ ಹಳೆಯ ಬ್ರೂವರಿಯನ್ನು, ಅಂದರೆ ಬಿಯರ್ ತಯಾರಿಸುವ ಕಾರ್ಖಾನೆಯನ್ನು, ವರ್ಷಕ್ಕೆ 45 ಪೌಂಡ್‌ ಬಾಡಿಗೆಯಂತೆ 9,000 ವರ್ಷಗಳ ಕರಾರಿಗೆ ಹಿಡಿದ ಸಂಗತಿ ಎಲ್ಲರಿಗೂ ಗೊತ್ತಿರುವಂಥದು. ಅವಸರವಿಲ್ಲದ ಬಿಯರಿಗೆ ಒಪ್ಪುವ ಕರಾರು ಅದು ಎಂದು ನನಗೆ ಅನ್ನಿಸುತ್ತದೆ.

ಟ್ಯಾಪಿನಿಂದ ಸ್ಟೌಟ್ ಹೊಯ್ಯುವ ಕ್ರಮವನ್ನು ಗಮನಿಸಿದರೆ ಬಾರಿನ ಅರ್ಧ ಗುಣ ಅಲ್ಲಿಯೇ ತಿಳಿಯುತ್ತದೆ. ಲೋಟವನ್ನು 45 ಡಿಗ್ರಿ ವಾಲಿಸಿ ಮುಕ್ಕಾಲು ಭಾಗ ತುಂಬಿಸಬೇಕು, ಮೇಲೆ ನೊರೆ, ಕೆಳಗೆ ಕಪ್ಪು ಎಂದು ಸ್ಪಷ್ಟವಾಗಿ ಬೇರ್ಪಡುವವರೆಗೆ ಕೌಂಟರಿನ ಮೇಲೆಯೇ ಬಿಡಬೇಕು, ಆಮೇಲೆ ಲೋಟದ ಅಂಚಿಗಿಂತ ಕೂದಲೆಳೆಯಷ್ಟು ಮೇಲೇಳುವಂತೆ ಉಳಿದದ್ದನ್ನು ತುಂಬಬೇಕು. ಗಿನ್ನೆಸ್ ಕಂಪನಿ ತನ್ನ ಪ್ರಚಾರದಲ್ಲಿ ಇದಕ್ಕೆ ಹೇಳುವ ಅವಧಿ 119.5 ಸೆಕೆಂಡು. ಆ ಅರ್ಧ ಸೆಕೆಂಡಿನ ನಿಖರತೆ ಜಾಹೀರಾತಿನವರ ಚಮತ್ಕಾರವೆಂದೇ ಇಟ್ಟುಕೊಳ್ಳೋಣ. ಆದರೂ ಸುಮಾರು 2 ನಿಮಿಷ ಕಾಯುವುದು ಅನಿವಾರ್ಯ. ಬೇರೆ ಬಿಯರಿನಲ್ಲಿ ಇಲ್ಲದ ಈ ವಿರಾಮದಲ್ಲಿಯೇ ಗಿರಾಕಿಯ ಕಿವಿ ಬಾರಿನ ಸಂಗೀತದ ಕಡೆಗೆ ತಿರುಗುತ್ತದೆ. ಸಂಗೀತ ಹಿತವಾಗಿದ್ದರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಅದು ಅಬ್ಬರದ್ದಾಗಿದ್ದರೆ ಗಿರಾಕಿಗೆ ತಾಳ್ಮೆ ತಪ್ಪುತ್ತದೆ, ಬಾರ್‌ಟೆಂಡರನಿಗೆ ಕೈ ಅವಸರವಾಗುತ್ತದೆ, ಲೋಟ ಒಂದೇ ಏಟಿಗೆ ತುಂಬಿಕೊಂಡು ಬರುತ್ತದೆ. ದೊಡ್ಡ ಸದ್ದಿನ ಬಾರ್‌ಗಳಲ್ಲಿ ಎರಡು ಹಂತದ ಈ ಕ್ರಮವನ್ನು ಪಾಲಿಸಿದ್ದನ್ನು ನಾನು ಕಂಡದ್ದು ಬಹಳ ಅಪರೂಪ.

ಕಾಯುವಿಕೆಗೆ ಕಾರಣ ಸಾರಜನಕ. ಗಿನ್ನೆಸ್‌ನಲ್ಲಿ ಕೆಲಸಕ್ಕಿದ್ದ ಮೈಕೆಲ್ ಆ್ಯಶ್ ಎಂಬ ಗಣಿತಜ್ಞನ ನೇತೃತ್ವದಲ್ಲಿ ರೂಪುಗೊಂಡು, ಕಂಪನಿಯ ಇನ್ನೂರನೆಯ ವರ್ಷವಾದ 1959ರಲ್ಲಿ ಬಳಕೆಗೆ ಬಂದ ವಿಧಾನದಲ್ಲಿ ಬಿಯರಿಗೆ ಬರಿಯ ಇಂಗಾಲದ ಡೈ ಆಕ್ಸೈಡಿನ ಬದಲು ಸಾರಜನಕವೂ ಸೇರಿದ ಮಿಶ್ರಣವನ್ನು ಕೊಡುತ್ತಾರೆ. ಇಂದು ಬಾರ್‌ಗಳಲ್ಲಿ ಬಳಸುವ ಮಿಶ್ರಣದಲ್ಲಿ ಸಾಮಾನ್ಯವಾಗಿ ಸುಮಾರು ಮುಕ್ಕಾಲು ಪಾಲು ಸಾರಜನಕವೇ ಇರುತ್ತದೆ. ಸಾರಜನಕ ಬಿಯರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಟ್ಯಾಪಿನೊಳಗಿನ ಸಣ್ಣ ರಂಧ್ರಗಳ ತಟ್ಟೆಯ ಮೂಲಕ ಒತ್ತಡದಿಂದ ಹಾಯುವಾಗ ಅದು ಅತಿ ಸೂಕ್ಷ್ಮ ಗುಳ್ಳೆಗಳಾಗಿ ಹೊರಬೀಳುತ್ತದೆ, ಆ ಗುಳ್ಳೆಗಳೇ ಕಾಯಿಸಿಟ್ಟ ಹಾಲಿನ ಕೆನೆಯಂತೆ ಮೇಲೆ ದಪ್ಪಗೆ ಕಟ್ಟಿಕೊಳ್ಳುತ್ತವೆ. ಇಂಗಾಲದ ಡೈ ಆಕ್ಸೈಡ್ ನಾಲಿಗೆಗೆ ಚುರುಕು ಮುಟ್ಟಿಸಿ ಹುಳಿಯ ಛಾಯೆ ತರುವಂಥದು. ಅದು ಕಡಿಮೆಯಾದಂತೆ ಬಿಯರ್ ಮೆತ್ತಗಾಗುತ್ತದೆ. ಈ ಮೆದುತನವೇ ಟ್ಯಾಪಿನ ಸ್ಟೌಟ್‌ನ ಆಕರ್ಷಣೆ, ಅದರ ದೌರ್ಬಲ್ಯವೂ ಹೌದು, ಏಕೆಂದರೆ ಗದ್ದಲದ ನಡುವೆ ಗಮನ ಸೆಳೆಯಬಲ್ಲ ಚುರುಕು ಅದರಲ್ಲಿಲ್ಲ. ಇನ್ನು ಲೋಟದೊಳಗೆ ಗುಳ್ಳೆಗಳು ಮೇಲಕ್ಕೇರುವ ಬದಲು ಕೆಳಕ್ಕೆ ಇಳಿಯುವಂತೆ ಕಾಣುವ ವಿಚಿತ್ರವನ್ನು 2012ರಲ್ಲಿ ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದ ಗಣಿತಜ್ಞರು ಲೋಟದ ಆಕಾರದಿಂದ ವಿವರಿಸಿದರು: ಮೇಲಕ್ಕೆ ಅಗಲವಾಗುತ್ತ ಹೋಗುವ ಲೋಟದಲ್ಲಿ ಗುಳ್ಳೆಗಳು ಗೋಡೆಯಿಂದ ದೂರ ಸರಿದು ನಡುವೆ ದಟ್ಟವಾಗುತ್ತವೆ, ನಡುವಿನ ಬಿಯರ್ ಮೇಲಕ್ಕೆ ಹರಿಯುತ್ತದೆ, ಅದಕ್ಕೆ ಪ್ರತಿಯಾಗಿ ಅಂಚಿನ ಬಿಯರ್ ಕೆಳಕ್ಕೆ ಹರಿಯುವಾಗ ತನ್ನೊಳಗಿನ ಗುಳ್ಳೆಗಳನ್ನೂ ಎಳೆದೊಯ್ಯುತ್ತದೆ. ಇದನ್ನು ನೋಡಲು ಮೇಜಿನ ಮೇಲೆ ಒಂದಿಷ್ಟು ಬೆಳಕು ಬೇಕು. ಸಂಗೀತಕ್ಕೆ ವಾತಾವರಣ ಒದಗಿಸುವ ನೆಪದಲ್ಲಿ ಕತ್ತಲು ಕವಿಸುವ ಬಾರ್‌ಗಳು ಗಿರಾಕಿಯ ಕಣ್ಣಿಗೆ ಸಲ್ಲಬೇಕಾದ ಪಾಲನ್ನು ಹೀಗೆ ಸುಮ್ಮನೆ ಕಳೆದುಬಿಡುತ್ತವೆ.

ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಗ್ರಾಮಫೋನ್ ತಟ್ಟೆಗಳಿಂದ ಜಾಝ್ ನುಡಿಸುವ ಒಂದು ಚಿಕ್ಕ ಬಾರ್. ಅಲ್ಲಿ ಸ್ಪೀಕರ್‌ಗಳು ಎರಡೇ. ಎರಡೂ ಕಪಾಟಿನ ಮೇಲೆ ಗೋಡೆಗೆ ಅಂಟದಂತೆ ಕೂತಿವೆ, ಪಿಯಾನೊ ಮತ್ತು ಡಬಲ್ ಬಾಸ್ ಎಂಬ ಕೆಳಸ್ಥಾಯಿಯ ತಂತಿವಾದ್ಯ ಕೋಣೆಯ ಎಲ್ಲ ಮೂಲೆಗಳಿಗೂ ಸಮವಾಗಿ ತಲುಪುತ್ತವೆ, ಪಕ್ಕದವರೊಡನೆ ದನಿಯೇರಿಸದೆ ಮಾತನಾಡಬಹುದು. ತಟ್ಟೆಯ ಒಂದು ಮಗ್ಗುಲು ಮುಗಿದು ಇನ್ನೊಂದನ್ನು ತಿರುಗಿಸಿ ಹಾಕುವವರೆಗೆ ಉಂಟಾಗುವ ಮೌನವನ್ನು ಬಾರಿನವರು ಬೇರೆ ಹಾಡಿನಿಂದ ತುಂಬುವುದಿಲ್ಲ. ಡ್ರೈ ಸ್ಟೌಟ್‌ನ ಕೊನೆಯ ಒಗರು ನನಗೆ ಅತ್ಯಂತ ಸ್ಪಷ್ಟವಾಗಿ ಸಿಕ್ಕಿದ್ದು ಅಂಥ ಮೌನಗಳಲ್ಲಿ. ಬಾಸ್ ಏಕಾಂಗಿಯಾಗಿ ನುಡಿಯುವ ಭಾಗಗಳಲ್ಲಿ ಹುರಿದ ಬಾರ್ಲಿಯ ಕಹಿ ಇನ್ನಷ್ಟು ಗಾಢವಾದಂತೆಯೂ, ಪಿಯಾನೊದ ಮೇಲಿನ ಸ್ವರಗಳು ಬಂದಾಗ ಅದೇ ಗುಟುಕಿನಲ್ಲಿ ಚಾಕೊಲೇಟಿನ ಸಿಹಿ ಕಂಡಂತೆಯೂ ಅನ್ನಿಸಿತು. ಇದನ್ನು ಕೇವಲ ಭ್ರಮೆಯೆಂದು ತಳ್ಳಿಹಾಕಬೇಕಾಗಿಲ್ಲ. ಕಹಿ-ಸಿಹಿ ಎರಡೂ ಇರುವ ಟಾಫಿಯನ್ನು ಬೇರೆ ಬೇರೆ ಧ್ವನಿಗಳೊಂದಿಗೆ ತಿನ್ನಿಸಿ ನಡೆಸಿದ ಒಂದು ಪ್ರಯೋಗದ ವರದಿ 2012ರಲ್ಲಿ ಪ್ರಕಟವಾಯಿತು. ಕೆಳಸ್ಥಾಯಿಯ ಧ್ವನಿ ಕೇಳುತ್ತಿದ್ದವರು ಅದೇ ಟಾಫಿಯನ್ನು ಹೆಚ್ಚು ಕಹಿಯೆಂದೂ, ಮೇಲುಸ್ಥಾಯಿಯದನ್ನು ಕೇಳುತ್ತಿದ್ದವರು ಹೆಚ್ಚು ಸಿಹಿಯೆಂದೂ ಗುರುತಿಸಿದ್ದರು. ಪ್ರಭಾವ ಸಣ್ಣದಿರಬಹುದು, ಆದರೆ ಎರಡೂ ರುಚಿಗಳನ್ನು ಒಟ್ಟಿಗೆ ಹೊತ್ತಿರುವ ಸ್ಟೌಟ್‌ನಂಥ ಪಾನೀಯದಲ್ಲಿ ತಕ್ಕಡಿ ಯಾವ ಕಡೆಗೆ ವಾಲಬೇಕೆಂದು ತೀರ್ಮಾನಿಸಲು ಅಷ್ಟೇ ಸಾಕಾಗಬಹುದು.

ಸದ್ದು ಹೆಚ್ಚಾದಾಗ ಆಗುವುದು ಬೇರೆಯೇ ಬಗೆಯ ಹಾನಿ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಿವಿಗೆ ಜೋರಾದ ಬಿಳಿ ಸದ್ದನ್ನು, ಅಂದರೆ ಎಲ್ಲ ಸ್ಥಾಯಿಗಳೂ ಬೆರೆತ ಒಂದೇ ಸಮನೆಯ ಮೊರೆತವನ್ನು, ಕೇಳಿಸಿಕೊಳ್ಳುತ್ತ ತಿಂದವರಿಗೆ ತಿನಿಸಿನ ಸಿಹಿಯೂ ಉಪ್ಪೂ ಕಡಿಮೆಯಾಗಿ ತೋರಿದವು. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ವಿಮಾನದ ಒಳಗಿನ ಸದ್ದನ್ನು ಕೇಳಿಸಿ ನಡೆಸಿದ ಪರೀಕ್ಷೆಯಲ್ಲಿಯೂ ಸಿಹಿಯ ಅನುಭವ ಕುಗ್ಗಿತು. ಇವು ಬಿಯರಿನ ಮೇಲೆ ನಡೆದ ಪ್ರಯೋಗಗಳಲ್ಲವಾದರೂ ನನ್ನ ಅನುಭವ ಅವುಗಳಿಗೆ ಹೊಂದಿಕೊಳ್ಳುತ್ತದೆ. ಮಿಲ್ಕ್ ಸ್ಟೌಟ್‌ಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸೇರಿಸುತ್ತಾರೆ. ಬಿಯರಿನ ಯೀಸ್ಟ್ ಅದನ್ನು ಹುದುಗಿಸಲಾರದಾದ್ದರಿಂದ ಸಿಹಿ ಮತ್ತು ಒಂದು ಬಗೆಯ ಜಿಡ್ಡಿನ ಮೃದುತ್ವ ಹಾಗೆಯೇ ಉಳಿಯುತ್ತವೆ. ನೃತ್ಯದ ಅಂಗಳವಿರುವ, ಎದೆಗೂಡು ಅದುರುವಷ್ಟು ಸದ್ದಿನ ಬಾರೊಂದರಲ್ಲಿ ಕುಡಿದ ಮಿಲ್ಕ್ ಸ್ಟೌಟ್ ನನಗೆ ಬರಿಯ ಸಪ್ಪೆ ಕಹಿಯಾಗಿ ಕಂಡಿತು. ಅದೇ ಕಂಪನಿಯ ಅದೇ ಸ್ಟೌಟ್ ಜಾಝ್ ಬಾರಿನಲ್ಲಿ ದುಂಡಗೆ, ಹಿತವಾಗಿ, ಕೊನೆಯವರೆಗೂ ಸಿಹಿಯನ್ನು ಬಿಟ್ಟುಕೊಡದೆ ಇತ್ತು. ಸಿಹಿಯನ್ನೇ ನೆಚ್ಚಿಕೊಂಡ ಬಿಯರನ್ನು ಪಟ್ಟಿಯಲ್ಲಿಟ್ಟು, ಆ ಸಿಹಿ ನಾಲಿಗೆಗೆ ತಲುಪದಷ್ಟು ಗದ್ದಲವೆಬ್ಬಿಸುವ ವ್ಯಾಪಾರದ ತರ್ಕ ನನಗೆ ಅರ್ಥವಾಗಿಲ್ಲ.

ಆದರೆ ಗದ್ದಲಕ್ಕೂ ಒಂದು ವ್ಯಾಪಾರದ ತರ್ಕವಿದೆ, ಅದನ್ನು ಮರೆಮಾಚಬೇಕಾಗಿಲ್ಲ. ಫ್ರಾನ್ಸಿನ ಬಾರ್‌ಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಗೀತವನ್ನು 72 ಡೆಸಿಬೆಲ್‌ನಿಂದ 88 ಡೆಸಿಬೆಲ್‌ಗೆ ಏರಿಸಿದಾಗ ಗಿರಾಕಿಗಳು ಒಂದು ಲೋಟ ಬಿಯರನ್ನು ಸುಮಾರು ಹದಿನಾಲ್ಕೂವರೆ ನಿಮಿಷದ ಬದಲು ಹನ್ನೊಂದೂವರೆ ನಿಮಿಷದಲ್ಲಿ ಮುಗಿಸಿದ್ದು, ಒಟ್ಟಾರೆ ಹೆಚ್ಚು ಲೋಟಗಳನ್ನು ತರಿಸಿಕೊಂಡದ್ದು ಕಂಡುಬಂತು. ಬೇಗ ಖಾಲಿಯಾಗುವ ಲೋಟ ಮಾಲೀಕರಿಗೆ ಲಾಭ, ಸ್ಟೌಟ್ ಕುಡಿಯುವವನಿಗೆ ನಷ್ಟ. ಟ್ಯಾಪಿನಿಂದ ಸುಮಾರು 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರುವ ಸ್ಟೌಟ್ ಮೊದಲ ಗುಟುಕುಗಳಲ್ಲಿ ಬಾಯಿ ಬಿಚ್ಚುವುದೇ ಇಲ್ಲ. ಹತ್ತು ನಿಮಿಷ ಕಳೆದು ಸ್ವಲ್ಪ ಬೆಚ್ಚಗಾದ ಮೇಲೆ ಹುರಿದ ಕಾಳಿನ ಘಮ, ಒಣಹಣ್ಣಿನ ನೆರಳು, ಹಾಪ್ಸ್ ಎಂಬ ಹೂವಿನ ಕಹಿ ಬಿಡಿಬಿಡಿಯಾಗಿ ತೋರಲು ಶುರುವಾಗುತ್ತವೆ. ತನ್ನ ಅತ್ಯುತ್ತಮ ಭಾಗವನ್ನು ಲೋಟದ ಕೊನೆಯ ಮೂರನೇ ಒಂದು ಪಾಲಿಗೆ ಕಾದಿಟ್ಟುಕೊಳ್ಳುವ ಬಿಯರನ್ನು ಅವಸರದಲ್ಲಿ ಕುಡಿಯುವಂತೆ ಮಾಡುವ ಸಂಗೀತ, ಅದು ಎಷ್ಟೇ ಒಳ್ಳೆಯ ಸಂಗೀತವಾಗಿರಲಿ, ಆ ಜಾಗಕ್ಕೆ ಸಲ್ಲದ ಸಂಗೀತ.

ಹಾಗೆಂದು ಜೀವಂತ ಸಂಗೀತವನ್ನು ನಾನು ದೂರುತ್ತಿಲ್ಲ. ವಾದ್ಯಗಳಿಗೆ ಮೈಕು ಹಚ್ಚುವ ಅಭ್ಯಾಸವನ್ನಷ್ಟೇ ದೂರುತ್ತಿದ್ದೇನೆ. ಡಬ್ಲಿನ್ನಿನ ಓ'ಡೊನಹ್ಯೂಸ್‌ನಂಥ ಪಬ್‌ಗಳಿಂದ ಪ್ರಸಿದ್ಧವಾದ ಐರಿಷ್ ಸೆಷನ್ ಪದ್ಧತಿಯಲ್ಲಿ ವಾದಕರು ವೇದಿಕೆ ಏರುವುದಿಲ್ಲ. ಗಿರಾಕಿಗಳ ನಡುವೆಯೇ ಒಂದು ಮೇಜಿನ ಸುತ್ತ ಕುಳಿತು ಫಿಡಲ್, ಕೊಳಲು, ಬೋರಾನ್ ಎಂಬ ಚರ್ಮವಾದ್ಯ ಮೊದಲಾದವನ್ನು ತಮ್ಮ ಖುಷಿಗೆ ನುಡಿಸುತ್ತಾರೆ, ನಡುನಡುವೆ ನಿಲ್ಲಿಸಿ ಹರಟುತ್ತಾರೆ, ತಮ್ಮ ಲೋಟಗಳನ್ನು ಖಾಲಿ ಮಾಡುತ್ತಾರೆ. ಸದ್ದು ಬೇಕೆಂದವರು ಹತ್ತಿರ ಕೂರಬಹುದು, ಬೇಡವೆಂದವರು ದೂರದ ಮೂಲೆ ಹಿಡಿಯಬಹುದು. ವಾಲ್ಯೂಮಿನ ಗುಂಡಿ ಒಂದರ್ಥದಲ್ಲಿ ಗಿರಾಕಿಯ ಕೈಯಲ್ಲಿಯೇ ಇರುತ್ತದೆ. ಈ ಪದ್ಧತಿಯನ್ನು ಅನುಸರಿಸುತ್ತೇವೆಂದು ಹೇಳಿಕೊಳ್ಳುವ ಬಾರೊಂದರಲ್ಲಿ ಫಿಡಲ್‌ಗೂ ಗಿಟಾರಿಗೂ ಮೈಕು ಹಚ್ಚಿ, ಮಾತು ಕೇಳಿಸದಷ್ಟು ಏರಿಸಿ, ಹಾಡುಗಳ ನಡುವಿನ ಬಿಡುವಿನಲ್ಲಿಯೂ ಧ್ವನಿಮುದ್ರಿತ ಸಂಗೀತ ಹಾಕಿದ್ದರು. ಅಲ್ಲಿನ ಟ್ಯಾಪಿನ ಸ್ಟೌಟ್ ನಿಜಕ್ಕೂ ಚೆನ್ನಾಗಿತ್ತು, ನೊರೆ ಲೋಟದ ಒಳಗೋಡೆಗೆ ಒಂದೊಂದು ಗುಟುಕಿಗೂ ಒಂದೊಂದು ಉಂಗುರ ಬಿಟ್ಟಿತ್ತು, ಬಿಯರಿನಲ್ಲಿ ಹುಡುಕಿದರೂ ದೋಷ ಸಿಗುತ್ತಿರಲಿಲ್ಲ. ಆದರೂ ಅರ್ಧಕ್ಕೆ ಎದ್ದು ಬರುವ ಮನಸ್ಸಾಯಿತು.

ಓಟ್‌ಮೀಲ್ ಸ್ಟೌಟ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಓಟ್ಸ್ ಸೇರುವುದರಿಂದ ಬಾಯಿಗೆ ರೇಷ್ಮೆಯ ನುಣುಪು ಬರುತ್ತದೆ, ರುಚಿ ಮಧ್ಯಮಮಾರ್ಗದ್ದು, ಬಹುತೇಕ ಯಾವ ಬಾರಿನಲ್ಲಿಯೂ ನಿರಾಸೆ ಮಾಡುವುದಿಲ್ಲ. ಇಂಪೀರಿಯಲ್ ಸ್ಟೌಟ್ ಮಾತ್ರ ತನಗೇ ಒಂದು ಸಂಜೆಯನ್ನು ಕೇಳುವಂಥದು. 18ನೇ ಶತಮಾನದ ಲಂಡನ್ನಿನ ಥ್ರೇಲ್ ಬ್ರೂವರಿಯಿಂದ ರಷ್ಯಾದ ರಾಣಿ ಕ್ಯಾಥರೀನಳ ಆಸ್ಥಾನಕ್ಕೆ ಹೋಗುತ್ತಿದ್ದ ಗಟ್ಟಿ ಬಿಯರಿನ ಪರಂಪರೆ ಇದರದು. ಇಂದಿನ ಇಂಪೀರಿಯಲ್‌ಗಳಲ್ಲಿ ಆಲ್ಕೊಹಾಲ್ ಶೇ 8ರಿಂದ 12ರವರೆಗೂ, ವಿಸ್ಕಿಯ ಪೀಪಾಯಿಯಲ್ಲಿಟ್ಟು ಹದಗೊಳಿಸಿದವುಗಳಲ್ಲಿ ಇನ್ನೂ ಹೆಚ್ಚಾಗಿಯೂ ಇರುವುದುಂಟು. ಇದನ್ನು ಪಿಂಟ್ ಲೋಟದಲ್ಲಿ ತುಂಬಿ ಕೊಡುವ ಬಾರಿಗೆ ಪದಾರ್ಥದ ತಿಳಿವಳಿಕೆ ಇಲ್ಲವೆಂದೇ ತಿಳಿಯಬೇಕು. ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಸಣ್ಣ ಲೋಟ, 12 ಡಿಗ್ರಿಯ ಸುತ್ತಮುತ್ತಲಿನ ಉಷ್ಣತೆ, ಒಂದು ಗಂಟೆಯ ಅವಕಾಶ ಇವಿಷ್ಟಿದ್ದರೆ ಬೆಲ್ಲದ ಪಾಕ, ಒಣದ್ರಾಕ್ಷಿ, ಸುಟ್ಟ ಮರದ ಘಮಗಳು ಸರದಿಯಲ್ಲಿ ಬರುತ್ತವೆ. ಇದಕ್ಕೆ ತಕ್ಕ ಸಂಗೀತವೆಂದರೆ ನನ್ನ ಮಟ್ಟಿಗೆ ಹಾಡುಗಾರಿಕೆಯಿಲ್ಲದ, ದೀರ್ಘವಾಗಿ ಒಂದೇ ಲಯದಲ್ಲಿ ಸಾಗುವ ವಾದ್ಯಸಂಗೀತ. ಮೂರು ಮೂರು ನಿಮಿಷಕ್ಕೊಮ್ಮೆ ಬದಲಾಗುವ ಹಾಡುಗಳ ಪಟ್ಟಿ ಗಮನವನ್ನು ಮತ್ತೆ ಮತ್ತೆ ಲೋಟದಿಂದ ಎಳೆದುಕೊಳ್ಳುತ್ತದೆ.

ಸಂಗೀತ ಎಷ್ಟೇ ಹಿತವಾಗಿದ್ದರೂ ಮುಚ್ಚಲಾಗದ ದೋಷಗಳೂ ಇವೆ. ಟ್ಯಾಪಿನ ಕೊಳವೆಗಳನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯದಿದ್ದರೆ ಬಿಯರಿನಲ್ಲಿ ಹಳಸಿದ ಬೆಣ್ಣೆಯ ವಾಸನೆಯೋ ವಿನೆಗರಿನ ಹುಳಿಯೋ ಸೇರಿಕೊಳ್ಳುತ್ತದೆ, ಸ್ಟೌಟ್‌ನಲ್ಲಿ ಸಹಜವಾಗಿಯೇ ಸ್ವಲ್ಪ ಹುಳಿ ಇರುವುದರಿಂದ ಎಷ್ಟೋ ಜನ ಆ ಕೆಟ್ಟ ಹುಳಿಯನ್ನೂ ಅದರ ಗುಣವೆಂದೇ ನಂಬಿ ಕುಡಿದುಬಿಡುತ್ತಾರೆ. ಫ್ರೀಜರಿನಲ್ಲಿಟ್ಟ ಮಂಜುಗಟ್ಟಿದ ಲೋಟ ಇನ್ನೊಂದು ಪಿಡುಗು. ಜಿಡ್ಡಿನ ಲೋಟದಲ್ಲಿ ನೊರೆ ನಿಲ್ಲುವುದಿಲ್ಲ. ಒಂದೇ ಭೇಟಿಯಲ್ಲಿ, ಒಂದೇ ಲೋಟದಿಂದ ಬಾರಿನ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ ಎಂಬ ಎಚ್ಚರವೂ ಇಲ್ಲಿ ಬೇಕು. ಕೆಲವೇ ಮಾದರಿಗಳಿಂದ ಎಷ್ಟರ ಮಟ್ಟಿಗೆ ನಂಬಬಹುದಾದ ತೀರ್ಮಾನಕ್ಕೆ ಬರಬಹುದೆಂಬ ಪ್ರಶ್ನೆಗೆ ಸಂಖ್ಯಾಶಾಸ್ತ್ರದಲ್ಲಿ ಪ್ರಸಿದ್ಧವಾದ ಉತ್ತರವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ವಿಲಿಯಂ ಗೊಸೆಟ್ ಗಿನ್ನೆಸ್ ಬ್ರೂವರಿಯ ಉದ್ಯೋಗಿಯೇ ಆಗಿದ್ದನೆಂಬುದು ಸ್ಟೌಟ್ ಪ್ರಿಯರಿಗೆ ಹೆಮ್ಮೆಯ ಸಂಗತಿ. ಶನಿವಾರ ರಾತ್ರಿ ಕೆಟ್ಟದೆನಿಸಿದ ಬಾರ್ ಮಂಗಳವಾರ ಸಂಜೆ ಬೇರೆಯೇ ಆಗಿ ಕಾಣಬಹುದು.

ಟ್ಯಾಪ್ ಇಲ್ಲದ ಬಾರಿನಲ್ಲಿ ಕ್ಯಾನು ಅಥವಾ ಬಾಟಲಿಯೇ ಗತಿ. ಕ್ಯಾನಿನೊಳಗೆ ವಿಜೆಟ್ ಎಂಬ ಪುಟ್ಟ ಪ್ಲಾಸ್ಟಿಕ್ ಚೆಂಡು ಇರುತ್ತದೆ. ಮುಚ್ಚಳ ತೆರೆದೊಡನೆ ಒತ್ತಡ ಇಳಿದು ಅದರೊಳಗಿನ ಸಾರಜನಕ ಬಿಯರಿಗೆ ನುಗ್ಗಿ ಟ್ಯಾಪಿನಂಥದೇ ನೊರೆ ಎಬ್ಬಿಸುತ್ತದೆ. ಕ್ಯಾನನ್ನು ಮೇಜಿನ ಬಳಿಯೇ ತೆರೆದು ಒಮ್ಮೆಗೇ ಪೂರ್ತಿಯಾಗಿ ಸುರಿಯಲು ಹೇಳಬೇಕು. ಒಳಗಿನಿಂದ ಸುರಿದು ತಂದರೆ ಅರ್ಧ ನೊರೆ ದಾರಿಯಲ್ಲಿಯೇ ಇಳಿದಿರುತ್ತದೆ. ಬಾಟಲಿಯಲ್ಲಿ ಸಿಗುವ ಗಿನ್ನೆಸ್ ಫಾರಿನ್ ಎಕ್ಸ್‌ಟ್ರಾ ಶೇ 7.5ರಷ್ಟು ಗಟ್ಟಿಯಾದದ್ದು, ಸಾರಜನಕದ ಮೆದುತನವಿಲ್ಲದೆ ಚುರುಕಾದ ಗುಳ್ಳೆಗಳಿಂದ ಕೂಡಿದ್ದು. ಗಲಾಟೆಯ ಬಾರಿಗೆ ಹೋಗಲೇಬೇಕಾಗಿ ಬಂದಾಗ ನಾನು ಇದನ್ನೇ ಆರಿಸುತ್ತೇನೆ, ಏಕೆಂದರೆ ಅದರ ಕಹಿಯೂ ಚುರುಕೂ ಡ್ರಮ್ಮಿನ ಹೊಡೆತದ ನಡುವೆಯೂ ತಮ್ಮ ಇರವನ್ನು ಸಾರಿಕೊಳ್ಳುತ್ತವೆ.

ಹೋಗುವವರಿಗೆ ನನ್ನ ಶಿಫಾರಸು ಹೀಗಿದೆ. ಸಂಜೆ ಜನ ಸೇರುವ ಮೊದಲೇ ಹೋಗಿ, ಸ್ಪೀಕರಿಗೆ ನೇರ ಎದುರಾಗದ, ಮೆತ್ತೆ ಅಥವಾ ಪರದೆ ಇರುವ ಗೋಡೆಯ ಬಳಿ ಕೂರುವುದು ಒಳ್ಳೆಯದು. ಬರಿಯ ಗಾಜು ಮತ್ತು ಕಾಂಕ್ರೀಟಿನ ಕೋಣೆಯಲ್ಲಿ ತಗ್ಗಿದ ಸಂಗೀತವೂ ಪ್ರತಿಧ್ವನಿಸಿ ಗದ್ದಲವಾಗುತ್ತದೆ. ಒಂದಕ್ಕಿಂತ ಹೆಚ್ಚು ಬಗೆಗಳನ್ನು ಸವಿಯುವುದಾದರೆ ಡ್ರೈ ಸ್ಟೌಟ್‌ನಿಂದ ಶುರುಮಾಡಿ, ಓಟ್‌ಮೀಲ್ ಮತ್ತು ಮಿಲ್ಕ್ ಸ್ಟೌಟ್‌ಗಳಿಗೆ ಸಾಗಿ, ಇಂಪೀರಿಯಲ್ಲನ್ನು ಕೊನೆಗಿಟ್ಟುಕೊಳ್ಳಬೇಕು, ಪ್ರತಿಯೊಂದರ ನಡುವೆ ನೀರು ಕುಡಿಯಬೇಕು, ವಾಹನವನ್ನು ಮನೆಯಲ್ಲೇ ಬಿಟ್ಟು ಬಂದಿರಬೇಕು. ತರಿಸಿಕೊಳ್ಳುವ ಮೊದಲು ಒಂದು ಗುಟುಕು ರುಚಿ ನೋಡಲು ಕೇಳಿದರೆ ಟ್ಯಾಪಿನ ಬಗ್ಗೆ ವಿಶ್ವಾಸವಿರುವ ಬಾರಿನವರು ಕೊಡುತ್ತಾರೆ. ಸಂಗೀತವನ್ನು ಒಂದಿಷ್ಟು ತಗ್ಗಿಸಿ ಎಂದು ಕೇಳುವುದಕ್ಕೂ ಸಂಕೋಚ ಬೇಡ. ಜಾಝ್ ಬಾರಿನಲ್ಲಿ ಹಾಗೆ ಕೇಳುವ ಪ್ರಸಂಗವೇ ಬರಲಿಲ್ಲ, ಮೈಕು ಹಚ್ಚಿದ ಫಿಡಲಿನ ಬಾರಿನಲ್ಲಿ ಕೇಳಿದಾಗ ನಕ್ಕು ತಲೆಯಾಡಿಸಿ ಸುಮ್ಮನಾದರು, ನೃತ್ಯದ ಅಂಗಳವಿರುವ ಬಾರಿನಲ್ಲಿ ನನ್ನ ಮಾತು ಸರ್ವರಿಗೆ ಕೇಳಿಸಲೇ ಇಲ್ಲ.